ಪಾರಿವಾಳ ಓಡಿಸುತ್ತಿದ್ದ ಮ್ಯಾನೇಜರು

ನಮ್ಮ ಟಾಕೀಸಿನ ಮ್ಯಾನೇಜರಿಗೆ ಎಡಗಿವಿ ಅರ್ಧವೇ ಇತ್ತು. ಮೇಲಿನ ಭಾಗವನ್ನು ಚಾವಣಿಯ ಕಲ್ನಾರು ಶೀಟಿನ ಮುರುಕು ಅಂಚು ಕುಯ್ದುಕೊಂಡು ಹೋಗಿತ್ತು. ಉಳಿದದ್ದು ಸುಟ್ಟ ಬದನೆಕಾಯಿಯ ತೊಟ್ಟಿನ ಹಾಗೆ ಮುದುರಿಕೊಂಡು ತಲೆಗೆ ಅಂಟಿತ್ತು. ಕನ್ನಡಕದ ಕಡ್ಡಿ ಆ ಕಡೆ ನಿಲ್ಲದ್ದರಿಂದ ಅದಕ್ಕೊಂದು ಕಪ್ಪು ದಾರ ಕಟ್ಟಿ ತಲೆಯ ಹಿಂದಕ್ಕೆ ಬಿಗಿದುಕೊಂಡಿದ್ದರು. ಪಾರಿವಾಳದ ಗೂಡು ಕೀಳಲು ಮೇಲೆ ಹತ್ತಿದ್ದಾಗ ಹಕ್ಕಿಯೊಂದು ಮುಖಕ್ಕೇ ಹಾರಿತಂತೆ. ಇವರು ತಟಕ್ಕನೆ ತಲೆ ತಿರುಗಿಸಿದರಂತೆ. ಕಿವಿ ಹರಿದು ರಕ್ತ ಸುರಿಯುತ್ತಿದ್ದರೂ ಗೂಡನ್ನು ಪೂರ್ತಿ ಕಿತ್ತ ಮೇಲೆಯೇ ಕೆಳಗಿಳಿದರಂತೆ. ಇದನ್ನು ನನಗೆ ಹೇಳಿದವನು ನಮ್ಮ ಗೇಟ್‌ಕೀಪರ್. ಹೇಳುವಾಗ ಅವನ ದನಿಯಲ್ಲಿ ಮೆಚ್ಚುಗೆ ಇರಲಿಲ್ಲ, ಹೆದರಿಕೆ ಇತ್ತು.

ನಾನು ಆ ಟಾಕೀಸಿಗೆ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನನ್ನದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಊರು. ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಕುಣಿಗಲ್‌ಗೆ ಮದುವೆ ಮಾಡಿಕೊಟ್ಟರು. ಗಂಡ ಲಾರಿ ಆಫೀಸಿನಲ್ಲಿ ಕೆಲಸಕ್ಕಿದ್ದ. ಕುಡಿದಾಗಲೂ ಹೊಡೆಯುತ್ತಿದ್ದ, ಕುಡಿಯದಿದ್ದಾಗಲೂ ಹೊಡೆಯುತ್ತಿದ್ದ. ಒಂದು ದಿನ ಒಲೆಯಲ್ಲಿ ಕಾಯಿಸಿದ ಸೌಟನ್ನು ಬೆನ್ನಿಗೆ ಇಟ್ಟ. ಮರುದಿನ ಬೆಳಿಗ್ಗೆ ಉಟ್ಟ ಸೀರೆಯಲ್ಲೇ ತುಮಕೂರಿನ ಬಸ್ಸು ಹತ್ತಿ ಅಕ್ಕನ ಮನೆಗೆ ಬಂದುಬಿಟ್ಟೆ. ಭಾವ ಮಂಡಿಪೇಟೆಯಲ್ಲಿ ಒಂದು ಧಾನ್ಯದ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಆ ಮಂಡಿಯ ಸಾಹುಕಾರರದೇ ಟಾಕೀಸು. ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಕೊಡಲು ಓದುಬರಹ ಬಲ್ಲ ಹೆಂಗಸೊಬ್ಬಳು ಬೇಕಾಗಿದ್ದಳು.

ಮೊದಲ ದಿನ ಆ ಇಕ್ಕಟ್ಟಿನ ಕೌಂಟರಿನಲ್ಲಿ ಕೂತಾಗ ತಡೆಯಲಾರದೆ ಅಳು ಬಂತು. ಮ್ಯಾನೇಜರು ಹಿಂದಿನ ಬಾಗಿಲಲ್ಲಿ ನಿಂತು ನೋಡಿದರು. ಯಾಕೆ ಎಂದು ಕೇಳಲಿಲ್ಲ.

"ಅಳೋ ಹಂಗಿದ್ರೆ ಮನೇಲಿ ಅತ್ಬುಟ್ಟು ಬಾಮ್ಮ. ಇಲ್ಲಿ ಅತ್ರೆ ಟಿಕೆಟ್ ಒದ್ದೆ ಆಯ್ತವೆ," ಎಂದು ಹೇಳಿ ಹೋದರು.

ಅವರು ಯಾರ ಜೊತೆಗೂ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಪಿಚ್ಚರ್ ನಡೆಯುವಾಗ ಮಗು ಅತ್ತರೆ, ಆ ತಾಯಿ ಎದ್ದು ಹೊರಗೆ ಹೋಗುವ ತನಕ ಅವಳ ಮುಖಕ್ಕೆ ಟಾರ್ಚ್ ಬಿಟ್ಟುಕೊಂಡು ನಿಂತಿರುತ್ತಿದ್ದರು. ಬ್ಲಾಕಿನಲ್ಲಿ ಟಿಕೆಟ್ ಮಾರುವವನು ಸಿಕ್ಕಿದರೆ ಅಷ್ಟೂ ಟಿಕೆಟ್ಟುಗಳನ್ನು ಅವನ ಬಾಯಿಗೇ ತುರುಕಿ ಅಗಿಸುತ್ತಿದ್ದರು. ಕಡಲೆಕಾಯಿ ಮಾರುವ ಮುದುಕಿ ಗೇಟಿನೊಳಗೆ ಕಾಲಿಟ್ಟರೆ ಅವಳ ಬುಟ್ಟಿ ರಸ್ತೆಯಲ್ಲಿ ಬೀಳುತ್ತಿತ್ತು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ಗುಬ್ಬಿಗೆ ಕೊಟ್ಟಿದ್ದರು. ಟಾಕೀಸಿನ ಹಿಂದಿದ್ದ ಒಂದು ಕೋಣೆಯಲ್ಲೇ ಅವರ ವಾಸ, ಅಲ್ಲೇ ಸೀಮೆಎಣ್ಣೆ ಸ್ಟೌವಿನ ಮೇಲೆ ಅಡುಗೆ. ಅಷ್ಟು ವರ್ಷ ಟಾಕೀಸಿನಲ್ಲಿದ್ದರೂ ಒಂದು ಪಿಚ್ಚರನ್ನೂ ಪೂರ್ತಿ ನೋಡಿದವರಲ್ಲ. ಹಾಲಿನೊಳಗೆ ಬಂದರೆ ಅವರ ಕಣ್ಣು ಪರದೆಯ ಕಡೆ ಹೋಗುತ್ತಲೇ ಇರಲಿಲ್ಲ. ಚಾವಣಿಯನ್ನೇ ನೋಡುತ್ತಿದ್ದರು.

ಚಾವಣಿಯ ತುಂಬ ಪಾರಿವಾಳ. ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟಿದ್ದ ದೊಡ್ಡ ಕಿಂಡಿಗಳಿಂದ ಒಳಗೆ ಬಂದು ಕಬ್ಬಿಣದ ತೊಲೆಗಳ ಮೇಲೆ ಸಾಲಾಗಿ ಕೂರುತ್ತಿದ್ದವು. ಅಲ್ಲೇ ಗೂಡು ಕಟ್ಟಿ ಮರಿ ಮಾಡುತ್ತಿದ್ದವು. ಫೈಟಿಂಗ್ ಸೀನು ಬಂದು ಮುಂದಿನ ಬೆಂಚುಗಳ ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೆದರೆ ಗಾಬರಿಬಿದ್ದು ಹಾಲಿನ ತುಂಬ ಹಾರಾಡುತ್ತಿದ್ದವು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದಾಗ ಅವುಗಳ ನೆರಳು ಪರದೆಯ ಮೇಲೆ ಎತ್ತಿನಗಾಡಿಯಷ್ಟು ದೊಡ್ಡದಾಗಿ ಬೀಳುತ್ತಿತ್ತು. ಒಂದು ಸಲ ನಾಯಕಿ ಗಂಡನ ಕೈ ಹಿಡಿದುಕೊಂಡು ಪ್ರಾಣ ಬಿಡುತ್ತಿದ್ದಾಗ ಅವಳ ಮುಖದ ತುಂಬ ರೆಕ್ಕೆಗಳು ಪಟಪಟ ಬಡಿದು, ಅಳಬೇಕಾದವರೆಲ್ಲ ಕೇಕೆ ಹಾಕಿ ನಕ್ಕಿದ್ದರು. ಇನ್ನು ಮೇಲಿನಿಂದ ಬೀಳುವ ಹಿಕ್ಕೆಗೆ ಗಾಂಧಿ ಕ್ಲಾಸು, ಬಾಲ್ಕನಿ ಎಂಬ ಭೇದವಿರಲಿಲ್ಲ. ತಲೆಯ ಮೇಲೂ ಬೀಳುತ್ತಿತ್ತು, ಇಂಟರ್‌ವೆಲ್‌ನಲ್ಲಿ ತಂದ ಕಾಫಿ ಲೋಟದೊಳಕ್ಕೂ ಬೀಳುತ್ತಿತ್ತು.

ಮ್ಯಾನೇಜರು ಮಾಡದೆ ಬಿಟ್ಟದ್ದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಖಾಲಿ ಡಬ್ಬ ಬಡಿಸುತ್ತಿದ್ದರು. ದೀಪಾವಳಿಯ ಪಟಾಕಿ ಉಳಿಸಿಟ್ಟುಕೊಂಡು ವರ್ಷವಿಡೀ ಹೊಡೆಸುತ್ತಿದ್ದರು. ತೊಲೆಗಳಿಗೆ ಜಾಲಿಮುಳ್ಳು ಕಟ್ಟಿಸಿದರು. ಪಾರಿವಾಳಗಳು ಆ ಮುಳ್ಳಿನ ಮೇಲೇ ಕಡ್ಡಿ ಪೇರಿಸಿ ಗೂಡು ಕಟ್ಟಿದವು. ಕೊನೆಗೆ ತಾವೇ ಏಣಿ ಹತ್ತಿ ಮೊಟ್ಟೆಗಳನ್ನು ಕೆಳಕ್ಕೆಸೆಯಲು ಶುರು ಮಾಡಿದರು. ಗೂಡು ಕೀಳುವಾಗ ಒಣಗಿದ ಹಿಕ್ಕೆಯ ಧೂಳು ಹಿಟ್ಟಿನ ಗಿರಣಿಯಲ್ಲಿ ಏಳುವ ಹಾಗೆ ಏಳುತ್ತಿತ್ತು. ಇಳಿದು ಬಂದಾಗ ರೆಪ್ಪೆಗಳೆಲ್ಲ ಬೆಳ್ಳಗಾಗಿರುತ್ತಿದ್ದವು. ಕೆಮ್ಮಿ ಕೆಮ್ಮಿ ಉಗುಳಿ, ಮುಖ ತೊಳೆದು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮ್ಯಾಟ್ನಿಗೆ ತಯಾರಾಗಿ ನಿಲ್ಲುತ್ತಿದ್ದರು.

ಈ ಪಾರಿವಾಳಗಳು ಎಲ್ಲಿಂದ ಬರುತ್ತವೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ನಮ್ಮ ಸಾಹುಕಾರರು ದೊಡ್ಡ ಶಿವಭಕ್ತರು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಮಂಡಿಯ ಮುಂದೆ ನಿಂತು ಸೇರುಗಟ್ಟಲೆ ಜೋಳ ಎರಚುತ್ತಿದ್ದರು. ಪಾರಿವಾಳಗಳ ನಡುವೆ ಅವರು ನಿಂತಿರುವುದನ್ನು ನೋಡಿ ದಾರಿಯಲ್ಲಿ ಹೋಗುವವರು ಕೈ ಮುಗಿಯುತ್ತಿದ್ದರು. ಅಲ್ಲಿ ತಿಂದ ಹಕ್ಕಿಗಳು ನಾಲ್ಕು ಮಾರು ಹಾರಿ ಇಲ್ಲಿ ಬಂದು ಮಲಗುತ್ತಿದ್ದವು. ಒಂದು ದಿನ ನನ್ನ ಕೌಂಟರಿನ ಎದುರಿಗೇ ಅವರಿಗೂ ಮ್ಯಾನೇಜರಿಗೂ ಮಾತಾಯಿತು.

"ಸಾಹುಕಾರ್ರೇ, ಕಿಂಡಿಗೆಲ್ಲ ಕಬ್ಬಿಣದ ಜಾಲರಿ ಹಾಕಿಸ್ಬುಡಿ. ಇಲ್ಲ ಅಲ್ಲಿ ಕಾಳು ಹಾಕೋದ್ನ ನಿಲ್ಸಿ. ಎರಡ್ರಲ್ಲಿ ಒಂದು ಮಾಡ್ದೇ ಇದು ನಿಲ್ಲಲ್ಲ," ಎಂದರು ಮ್ಯಾನೇಜರು.

"ಅಪ್ಪಾಜಿ ಕಾಲದಿಂದ ಹಾಕ್ಕೊಂಡು ಬಂದಿರೋದು ಕಣ್ರೀ, ನಿಲ್ಸೋಕಾಗುತ್ತಾ? ಜಾಲರಿ ಹಾಕಿದ್ರೆ ಜನಕ್ಕೆ ಗಾಳಿ ಎಲ್ಲಿಂದ ಬರುತ್ತೆ? ಅದಕ್ಕೇ ಅಲ್ವೇನ್ರೀ ನಿಮ್ಮನ್ನ ಇಟ್ಕೊಂಡಿರೋದು? ಏನ್ ಮಾಡ್ತೀರೋ ಮಾಡಿ. ನನ್ನ ಕಿವಿಗೆ ಮಾತ್ರ ಹಾಕ್ಬೇಡಿ," ಎಂದರು ಸಾಹುಕಾರರು.

ಆಮೇಲಿನಿಂದ ಅವರು ಯಾವುದನ್ನೂ ಸಾಹುಕಾರರ ಕಿವಿಗೆ ಹಾಕಲಿಲ್ಲ.

ಒಂದು ಬೆಳಿಗ್ಗೆ ನಾನು ಬೇಗ ಬಂದಾಗ ಮ್ಯಾನೇಜರು ಏಣಿಯಿಂದ ಇಳಿಯುತ್ತಿದ್ದರು. ಕೈಯಲ್ಲಿ ಬಾಯಿ ಕಟ್ಟಿದ ಗೋಣಿಚೀಲ. ಚೀಲ ಅಲ್ಲಲ್ಲಿ ಮಿಸುಕುತ್ತಿತ್ತು. ಅದನ್ನು ಹಿತ್ತಲಿಗೆ ಒಯ್ದು ನೀರಿನ ಡ್ರಮ್ಮಿನ ಪಕ್ಕದಲ್ಲಿಟ್ಟರು. ನನಗೆ ತಿಳಿಯಿತು.

"ಸಾರ್, ಮರಿಗಳು ಸಾರ್," ಎಂದೆ.

ಅವರು ನನ್ನನ್ನು ನೋಡಿದರು. ಚೀಲದ ಬಾಯಿ ಬಿಚ್ಚಿ ಕೈ ಹಾಕಿ ಒಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅದು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮೈಮೇಲೆ ಹಳದಿ ಕೂದಲು, ದೊಡ್ಡ ಕೊಕ್ಕು. ನೋಡಲು ಚೆನ್ನಾಗಿರಲಿಲ್ಲ. ಆದರೆ ಮೈ ಬಿಸಿಯಾಗಿತ್ತು, ಇಡೀ ಮೈಯೇ ಎದೆಯೆಂಬಂತೆ ಡವಡವ ಬಡಿದುಕೊಳ್ಳುತ್ತಿತ್ತು.

"ಅಷ್ಟು ಕರುಣೆ ಇದ್ರೆ ಒಂದ್ನ ಸಾಕು. ಮಿಕ್ಕಿದ್ದು ನಂದು," ಎಂದು ಚೀಲವನ್ನು ಡ್ರಮ್ಮಿನೊಳಗೆ ಅದ್ದಿ, ಎರಡು ಕೈಯಿಂದ ಅದುಮಿ ಹಿಡಿದುಕೊಂಡರು. ನೀರಿನ ಮೇಲೆ ಗುಳ್ಳೆ ಏಳುವುದು ನಿಲ್ಲುವ ತನಕ ಅವರು ಆಚೆ ಮುಖ ತಿರುಗಿಸಲೂ ಇಲ್ಲ, ಕಣ್ಣು ಮುಚ್ಚಲೂ ಇಲ್ಲ. ನಾನು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದೆ. ಅಕ್ಕ ಬೈದುಕೊಂಡೇ ಹತ್ತಿ ಹಾಸಿದಳು, ಅನ್ನ ಕಿವುಚಿ ಬಾಯಿಗಿಟ್ಟಳು. ಒಂದು ಅಗುಳೂ ಒಳಗೆ ಹೋಗಲಿಲ್ಲ. ಮರುದಿನವೆಲ್ಲ ಬಾಯಿ ತೆರೆದುಕೊಂಡು ಒದ್ದಾಡಿ ಸಂಜೆಗೆ ಸತ್ತಿತು.

"ಸತ್ತೋಯ್ತಾ?" ಎಂದು ಮ್ಯಾನೇಜರು ಕೇಳಿದರು.

"ಹೂಂ ಸಾರ್."

"ನನ್ನ ಕೈಲಿ ಬೇಗ ಆಗಿರೋದು," ಎಂದರು.

ಆ ದಿನದಿಂದ ಅವರು ಎದುರಿಗೆ ಬಂದರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅವರು ಕೊಟ್ಟ ಟಿಕೆಟ್ ಕಟ್ಟನ್ನು ಮುಟ್ಟುವುದಕ್ಕೂ ಅಸಹ್ಯ. ಬೇರೆಲ್ಲಾದರೂ ಕೆಲಸ ನೋಡಿ ಎಂದು ಭಾವನಿಗೆ ಹೇಳಿದೆ. ಭಾವ ಇನ್ನೂ ಕೆಲಸ ಹುಡುಕುತ್ತಿದ್ದಾಗಲೇ ನನ್ನ ಗಂಡ ಬಂದ.

ಹೊಸ ಪಿಚ್ಚರಿನ ಮೊದಲ ದಿನ. ಹೆಂಗಸರ ಸಾಲು ರಸ್ತೆಯ ತನಕ ಇತ್ತು. ಅವರನ್ನೆಲ್ಲ ನೂಕಿಕೊಂಡು ಬಂದವನು ಕೌಂಟರಿನ ತೂತಿನೊಳಗೆ ತೋಳುದ್ದ ಕೈ ತೂರಿಸಿ ನನ್ನ ಜಡೆ ಹಿಡಿದುಕೊಂಡ. ಹಣೆ ಹೋಗಿ ಗೋಡೆಗೆ ಬಡಿಯಿತು.

"ಏನ್ಲೇ, ಪಿಚ್ಚರ್ ಟಿಕೆಟ್ ಮಾರ್ಕೊಂಡು ಮೆರೀತಿದೀಯಾ? ಆಚೆ ಬಾರೇ. ಇವತ್ತು ನಿನ್ನ ಸಿಗಿದು ಹಾಕ್ತೀನಿ," ಎಂದು ಕೂಗುತ್ತಿದ್ದ.

ಸಾಲಿನಲ್ಲಿದ್ದವರೆಲ್ಲ ಕಿರುಚಿದರು. ಗಂಡಸರ ಸಾಲಿನವರು ಕತ್ತು ಚಾಚಿ ನೋಡಿದರು. ಯಾರೋ ಒಬ್ಬರು, "ಗಂಡನಂತೆ ಕಣ್ರೀ, ಬಿಡಿ," ಎಂದದ್ದು ನನಗೆ ಕೇಳಿಸಿತು.

ಮ್ಯಾನೇಜರು ಹಿಂದಿನ ಬಾಗಿಲಿನಿಂದ ಬಂದರು. ಓಡಿ ಬರಲಿಲ್ಲ. ಟಿಕೆಟ್ ಮುಗಿದಾಗ ತೂತು ಮುಚ್ಚಲು ಮೇಲಿನಿಂದ ಇಳಿಸುವ ಒಂದು ದಪ್ಪ ಹಲಗೆ ಇತ್ತು. ಅದರ ಕೊಕ್ಕೆ ತೆಗೆದು ಎರಡು ಕೈಯಿಂದಲೂ ಬಲವಾಗಿ ಅವನ ಮಣಿಕಟ್ಟಿನ ಮೇಲೆ ಇಳಿಸಿದರು. ಒಣಕಡ್ಡಿ ಮುರಿದಂತೆ ಶಬ್ದವಾಯಿತು. ಅವನ ಅರಚಾಟ ಹಾಲಿನೊಳಕ್ಕೂ ಕೇಳಿಸಿತಂತೆ. ಅಷ್ಟಾದರೂ ಬೆರಳುಗಳು ನನ್ನ ಜಡೆಯಲ್ಲೇ ಸಿಕ್ಕಿಕೊಂಡಿದ್ದವು. ಮ್ಯಾನೇಜರು ಹಲಗೆಯ ಮೇಲೆ ಮೈಭಾರವನ್ನೆಲ್ಲ ಬಿಟ್ಟು, "ಬಿಡಿಸ್ಕೊ," ಎಂದರು ನನಗೆ. ಒಂದೊಂದೇ ಬೆರಳನ್ನು ನಾನೇ ಬಿಡಿಸಿದೆ. ಪೂರ್ತಿ ಬಿಡಿಸಿಕೊಳ್ಳುವ ತನಕ ಅವರು ಹಲಗೆ ಎತ್ತಲಿಲ್ಲ. ಆಮೇಲೆ ತೂತಿನ ಹತ್ತಿರ ಬಗ್ಗಿ ಹೊರಗೆ ನೋಡಿ, "ಇನ್ನೊಂದು ಕೈ ಐತಲ್ಲ, ಅದ್ನೂ ತತ್ತೀಯೇನ್ಲಾ?" ಎಂದು ಕೇಳಿದರು.

ನಾನು ಗೋಡೆಗೊರಗಿ ಬಿಚ್ಚಿಹೋದ ಜಡೆಯನ್ನು ಕಟ್ಟಿಕೊಳ್ಳುತ್ತಿದ್ದೆ. ಅವರು ಕೆಳಗೆ ಬಿದ್ದಿದ್ದ ಟಿಕೆಟ್ ಕಟ್ಟನ್ನು ಎತ್ತಿ ನನ್ನ ಮುಂದಿಟ್ಟರು.

"ಟಿಕೆಟ್ ಕೊಡಮ್ಮ. ನ್ಯೂಸ್‌ರೀಲು ಶುರುವಾಗೋ ಹೊತ್ತು."

ಡ್ರಮ್ಮಿನ ಪಕ್ಕದಲ್ಲಿ ನಿಂತಿದ್ದಾಗ ಇದ್ದ ಮುಖವೇ ಈಗಲೂ ಇತ್ತು. ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. ಗಂಡ ಮತ್ತೆ ಯಾವತ್ತೂ ತುಮಕೂರಿಗೆ ಬರಲಿಲ್ಲ. ಅವನ ಬಲಗೈ ಸರಿಹೋಗಲೇ ಇಲ್ಲವೆಂದು ಕುಣಿಗಲ್ ಕಡೆಯವರು ಹೇಳುತ್ತಿದ್ದರು. ಬೇರೆ ಕೆಲಸ ನೋಡುವುದು ಬೇಡ ಎಂದು ಭಾವನಿಗೆ ಹೇಳಿಬಿಟ್ಟೆ.

ಎಂಬತ್ತರ ದಶಕ ಬಂದಾಗ ಊರಿನಲ್ಲಿ ಇನ್ನೂ ಒಳ್ಳೆಯ ಟಾಕೀಸುಗಳಾದವು. ನಮ್ಮಲ್ಲಿ ಬಾಲ್ಕನಿ ಖಾಲಿ ಹೊಡೆಯತೊಡಗಿತು. ಅಂಥದ್ದರಲ್ಲಿ ದೊಡ್ಡ ಅಧಿಕಾರಿಯೊಬ್ಬರ ಹೆಂಡತಿಯ ರೇಷ್ಮೆ ಸೀರೆಯ ಮೇಲೆ ಹಿಕ್ಕೆ ಬಿತ್ತು. ಆಕೆ ಅರ್ಧಕ್ಕೇ ಎದ್ದು ಹೋದರು. ಮರುದಿನ ಸಾಹುಕಾರರು ಬಂದು ಎಲ್ಲರೆದುರಿಗೆ ಕೂಗಾಡಿದರು.

"ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳ್ಬಿಡ್ರೀ. ಮಗಳ ಮನೆ ಸೇರ್ಕೊಳ್ಳಿ. ಬೇರೆಯವರನ್ನ ನೋಡ್ಕೋತೀನಿ. ಮುಂದಿನ ವಾರ ಅಮ್ಮನ್ನ ಕರ್ಕೊಂಡು ಭಕ್ತಿ ಪಿಚ್ಚರಿಗೆ ಬರ್ತೀನಿ. ಅಷ್ಟರೊಳಗೆ ಒಂದು ಹಕ್ಕಿ ಇರಬಾರದು."

ಮ್ಯಾನೇಜರು ಆಗಲೇ ದಣಿದಿದ್ದರು. ಏಣಿಯ ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಿದ್ದರು. ಭಕ್ತಿ ಪಿಚ್ಚರಿನ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ಜೋಳಕ್ಕೆ ಏನೋ ಕಲಸುತ್ತಿದ್ದುದನ್ನು ಕಂಡೆ. "ಹತ್ರ ಬರ್ಬೇಡ. ಹೊಲಕ್ಕೆ ಹೊಡೆಯೋ ವಿಷ," ಎಂದರು. ಅದನ್ನು ಚಾವಣಿಯ ಮೇಲೆ ಎರಚಿಸಿದರು. ಹಕ್ಕಿಗಳು ತಿಂದು ಹೊರಗೆಲ್ಲೋ ಹಾರಿಹೋಗಿ ಸಾಯುತ್ತವೆಂದು ಅಂದುಕೊಂಡಿದ್ದರು.

ಅವು ತಿಂದು ಒಳಗೇ ಬಂದವು.

ಮ್ಯಾಟ್ನಿಗೆ ಹಾಲು ತುಂಬಿತ್ತು. ಸಾಹುಕಾರರು ವಯಸ್ಸಾದ ತಾಯಿಯನ್ನು, ಮನೆಯವರನ್ನೆಲ್ಲ ಕರೆದುಕೊಂಡು ಬಾಲ್ಕನಿಯಲ್ಲಿ ಕೂತಿದ್ದರು. ಪರದೆಯ ಮೇಲೆ ಶಿವಪೂಜೆ ನಡೆಯುತ್ತಿದ್ದಾಗ ಮೊದಲನೆಯದು ಬಿತ್ತು. ಒದ್ದೆ ಬಟ್ಟೆ ಬಿದ್ದಂಥ ಶಬ್ದ. ಆಮೇಲೆ ಒಂದರ ಹಿಂದೊಂದು ಗಾಂಧಿ ಕ್ಲಾಸಿನವರ ತಲೆಯ ಮೇಲೆ, ಬೆಂಚುಗಳ ಮೇಲೆ, ಮಕ್ಕಳ ಮೇಲೆ ಬೀಳತೊಡಗಿದವು. ಕಿರುಚಾಟ ಕೇಳಿ ನಾನು ಕೌಂಟರಿನಿಂದ ಓಡಿಬಂದೆ. ಲೈಟು ಹಾಕಿದ್ದರು. ನೆಲದ ತುಂಬ ಪಾರಿವಾಳಗಳು ರೆಕ್ಕೆ ಬಡಿಯುತ್ತ ಗಿರಗಿರನೆ ಸುತ್ತುತ್ತಿದ್ದವು. ಜನ ಓಡುವಾಗ ಕಾಲಡಿಗೆ ಸಿಕ್ಕ ಹಕ್ಕಿಗಳು ಅಪ್ಪಚ್ಚಿಯಾದವು. ಬಾಲ್ಕನಿಯಲ್ಲಿ ಸಾಹುಕಾರರ ತಾಯಿಯ ಮಡಿಲಲ್ಲೇ ಒಂದು ಬಿದ್ದು, ಬಾಯಲ್ಲಿ ನೊರೆ ಬಿಟ್ಟುಕೊಂಡು ಒದ್ದಾಡುತ್ತಿತ್ತು. ಅಜ್ಜಿ ಅದನ್ನು ತಳ್ಳಲೂ ಆಗದೆ ಎತ್ತಲೂ ಆಗದೆ, "ಶಿವನೇ, ಶಿವನೇ," ಎನ್ನುತ್ತಿದ್ದರು.

ಸಾಹುಕಾರರು ಮ್ಯಾನೇಜರನ್ನು ಶರ್ಟಿನ ಕಾಲರು ಹಿಡಿದು ಟಾಕೀಸಿನ ಮುಂದಕ್ಕೆ ಎಳೆದು ತಂದರು.

"ಕಟುಕ! ದಿನಾ ನನ್ನ ಕೈಯಾರೆ ಕಾಳು ಹಾಕೋ ಪ್ರಾಣಿಗಳಿಗೆ ವಿಷ ಹಾಕಿದ್ಯೇನೋ? ಯಾರು ಹೇಳಿದ್ರೋ ನಿನಗೆ?" ಎಂದು ಕಾಲಿನ ಚಪ್ಪಲಿ ತೆಗೆದು ಕೆನ್ನೆಗೆ ಹೊಡೆದರು. ಕನ್ನಡಕ ಹಾರಿಬಿತ್ತು. ಸಾಹುಕಾರರೇ ಹೊಡೆದ ಮೇಲೆ ಜನಕ್ಕೆ ಇನ್ನೇನು ಬೇಕು? ಟಿಕೆಟ್ ಅಗಿದವನೂ ಇದ್ದ, ಕಡಲೆಕಾಯಿ ಮುದುಕಿಯ ಮಗನೂ ಇದ್ದ. ಒಬ್ಬ ಸತ್ತ ಪಾರಿವಾಳಗಳ ಕಾಲುಗಳನ್ನು ದಾರಕ್ಕೆ ಕಟ್ಟಿ ತಂದು ಅವರ ಕೊರಳಿಗೆ ಹಾಕಿದ. ಇನ್ನೂ ಜೀವವಿದ್ದ ಒಂದು ಹಕ್ಕಿ ಅವರ ಎದೆಯ ಮೇಲೆ ರೆಕ್ಕೆ ಬಡಿಯುತ್ತಿತ್ತು. ಅವರು ಸಾಹುಕಾರರ ಕಡೆ ಬೆರಳು ತೋರಿಸಲಿಲ್ಲ.

ನನಗೆ ತಡೆಯಲಾಗಲಿಲ್ಲ. ಜನರ ನಡುವೆ ನುಗ್ಗಿ, "ಸಾಹುಕಾರ್ರೇ, ಒಂದು ಹಕ್ಕಿ ಇರಬಾರದು ಅಂದೋರು ನೀವೇ ಅಲ್ವಾ?" ಎಂದೆ.

ಗಲಾಟೆ ನಿಂತಿತು. ಸಾಹುಕಾರರು ನನ್ನತ್ತ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ನನ್ನ ಮೇಲೆ ಹರಿಹಾಯ್ದರು.

"ಯಾರೇ ನಿನ್ನ ಕರೆದಿದ್ದು? ಅವ್ರು ಏನೂ ಹೇಳಿಲ್ಲ. ನಾನೇ ಹಾಕ್ದೆ. ಹೋಗು ಒಳಕ್ಕೆ. ಗಂಡನ್ನ ಬುಟ್ಟು ಬಂದೋಳ್ಗೆ ಎಲ್ಲಾದ್ರಲ್ಲೂ ಬಾಯಿ."

ಸುತ್ತಲಿದ್ದವರು ನಕ್ಕರು. ಸಾಹುಕಾರರೂ ಸಮಾಧಾನವಾದವರಂತೆ ಮುಖ ತಿರುಗಿಸಿಕೊಂಡರು. ನಾನು ಒಳಗೆ ಹೋದೆ. ಜನ ಅವರನ್ನು ಆ ಹಾರದಲ್ಲೇ ಬಸ್‌ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋಗಿ ಗುಬ್ಬಿ ಬಸ್ಸು ಹತ್ತಿಸಿದರಂತೆ. ಕೆಲವು ದಿನ ಮುಚ್ಚಿದ್ದ ಟಾಕೀಸು ಮತ್ತೆ ತೆರೆದಾಗ ನಾನು ಎಂದಿನಂತೆ ಕೌಂಟರಿನಲ್ಲಿ ಕೂತೆ. ಯಾರೂ ಏಳು ಎನ್ನಲಿಲ್ಲ. ಮ್ಯಾನೇಜರು ಹಾಗೆ ಬಯ್ಯದಿದ್ದರೆ ನನ್ನನ್ನೂ ಅದೇ ಸಂಜೆ ಬೀದಿಗೆ ಹಾಕುತ್ತಿದ್ದರು ಎನ್ನುವುದು ಹೊಳೆಯಲು ನನಗೆ ಬಹಳ ದಿನ ಬೇಕಾಯಿತು.

ಟಾಕೀಸು ಮುಚ್ಚಿದ್ದ ಆ ದಿನಗಳಲ್ಲೇ ಶಾಂತಿ ಮಾಡಿಸಿ ಸಾಹುಕಾರರು ವೆಲ್ಡಿಂಗಿನವರನ್ನು ಕರೆಸಿದರು. ಕಿಂಡಿಗಳಿಗೆಲ್ಲ ಕಬ್ಬಿಣದ ಜಾಲರಿ ಹಾಕಿದರು. ಅದು ಒಂದು ವಾರದ ಕೆಲಸವೂ ಆಗಿರಲಿಲ್ಲ. ಗಾಳಿಗೂ ಏನೂ ಕೊರತೆಯಾಗಲಿಲ್ಲ.

ಮುಂದಿನ ವರ್ಷ ಗುಬ್ಬಿಗೆ ಹೋದಾಗ ಮ್ಯಾನೇಜರನ್ನು ನೋಡಲು ಹೋದೆ. ಮಗಳ ಮನೆಯ ಹೊರಗಿನ ಜಗಲಿಯಲ್ಲಿ ಮೊಣಕಾಲಿಗೆ ಎದೆ ಒತ್ತಿಕೊಂಡು ಕೂತಿದ್ದರು. ಒಂದೊಂದು ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ವರ್ಷಗಟ್ಟಲೆ ಒಣ ಹಿಕ್ಕೆಯ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದ್ದರಂತೆ. ಬೀದಿಯವರು ಮಾತ್ರ ಪಾರಿವಾಳದ ಶಾಪ ಎನ್ನುತ್ತಿದ್ದರು. ಮಗಳ ಅತ್ತೆ ಅವರಿಗೆ ಬೇರೆ ತಟ್ಟೆಯಿಟ್ಟಿದ್ದರು, ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಮಗಳು ನೀರು ತಂದುಕೊಡುವಾಗಲೂ ಅತ್ತೆಯ ಕಡೆ ನೋಡಿಕೊಂಡೇ ಕೊಡುತ್ತಿದ್ದಳು.

"ಯಾಕ್ ಬಂದೆ? ನಾನೇನು ಪಿಚ್ಚರಾ, ನೋಡೋಕೆ?" ಎಂದರು. ಆಮೇಲೆ ತಾವಾಗಿಯೇ, "ಹಕ್ಕಿಗಳು?" ಎಂದು ಕೇಳಿದರು.

"ಜಾಲರಿ ಹಾಕ್ಸಿದ್ರು ಸಾರ್."

"ಬರಲ್ವಾ?"

"ಒಂದೂ ಬರಲ್ಲ."

ಬೀದಿಯಲ್ಲಿ ಹೋಗುತ್ತಿದ್ದ ಗಾಡಿಯನ್ನು ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು.

"ಹಂಗಾದ್ರೆ ಅಷ್ಟನ್ನೂ ಕೊಂದಿದ್ದು ಸುಮ್ಸುಮ್ನೆ," ಎಂದರು.

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಳುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಅಳಿಯ ಬಸ್ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ. ಕೌಂಟರನ್ನು ಗೇಟ್‌ಕೀಪರಿಗೆ ಒಪ್ಪಿಸಿ ಹೊರಟೆ. ಹೋಗುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆಣವನ್ನು ಜಗಲಿಯ ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಸ್ನಾನ ಮಾಡಿಸಿರಲಿಲ್ಲ. ಮುಟ್ಟಿದರೆ ಶಾಪ ತಮ್ಮ ಮನೆಗೂ ಬರುತ್ತದೆಂದು ನೆಂಟರು ದೂರ ದೂರ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದವರ ನಡುವೆ ಅಳಿಯ ತಲೆ ತಗ್ಗಿಸಿ ನಿಂತಿದ್ದ. ಮಗಳನ್ನು ಅವಳ ಅತ್ತೆ ತೋಳು ಹಿಡಿದು ಕೂರಿಸಿಕೊಂಡಿದ್ದರು, ಅವಳಿಗೆ ಆಗ ದಿನ ತುಂಬಿತ್ತು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಮೇಲಿದ್ದ ಬಿಸಿನೀರನ್ನು ಬಿಂದಿಗೆಗೆ ಬಗ್ಗಿಸಿಕೊಂಡೆ.

"ಯಾರಮ್ಮ ನೀನು?" ಎಂದು ಆ ಅತ್ತೆ ಕೂಗಿದರು. "ಮುಟ್ಬೇಡ, ಅವ್ನು ಮಾಡಿರೋ ಪಾಪ ನಿಂಗೂ ಅಂಟ್ಕೊಂಡಾತು!"

"ಅಂಟ್ಕೊಳ್ಳಲಿ ಬುಡಿ," ಎಂದು ನಾನು ಮ್ಯಾನೇಜರ ಕಾಲಿಗೆ ಮೊದಲ ನೀರು ಹಾಕಿದೆ.